ಮೊಣಕಾಲು ‘ಸವೆದಿದೆ’ ಎಂದ ಮೇಲೆ: ಆಪರೇಷನ್ನಿಗೆ ಮೊದಲಿನ ಹನ್ನೆರಡು ವಾರ

ಕಾಸರಗೋಡಿನ ಆಸ್ಪತ್ರೆಯಲ್ಲಾದರೆ ‘ಎಲ್ಲು ತೇಯ್ಮಾನಂ’, ಮಂಗಳೂರಿಗೆ ಹೋದರೆ ‘ಮೂಳೆ ಸವೆತ’. ಎರಡು ಭಾಷೆಯಲ್ಲೂ ಮಾತು ಒಂದೇ, ಕೇಳಿದವರ ಕಣ್ಣ ಮುಂದೆ ಬರುವುದೂ ಒಂದೇ: ಬಸ್ಸಿನ ಬೋಳು ಟಯರು. ಓಡಿಸಿದಷ್ಟೂ ಸವೆಯುತ್ತದೆ, ಹಾಗಾಗಿ ಇನ್ನು ಓಡಿಸುವುದು ಬೇಡ. ಅಲ್ಲಿಗೆ ತೋಟಕ್ಕೆ ಇಳಿಯುವುದು ನಿಲ್ಲುತ್ತದೆ, ಪೇಟೆಗೆ ಹೋಗುವುದು ಆಟೋದಲ್ಲಿ, ಸಂಜೆ ಜಗಲಿಯ ಕುರ್ಚಿ. ಆರು ತಿಂಗಳು ಹೀಗೆ ಕಳೆದರೆ ತೊಡೆ ಸೊರಗುತ್ತದೆ, ತೂಕ ಏರುತ್ತದೆ, ನೋವು ಮೊದಲಿಗಿಂತ ಜಾಸ್ತಿಯಾಗುತ್ತದೆ. ಆಪರೇಷನ್ ಮೇಜಿನ ಕಡೆಗೆ ಜನರನ್ನು ಬೇಗ ತಳ್ಳುವುದು ಎಷ್ಟೋ ಸಲ ಸವೆತಕ್ಕಿಂತ ಹೆಚ್ಚಾಗಿ ಈ ವಿಶ್ರಾಂತಿಯೇ.

(ಗಡಿಯಾಚೆಯಿಂದ ಬಂದವರಿಗೆ ಒಂದು ಮಾತು: ಇಲ್ಲಿನ ಚೀಟಿಯಲ್ಲಿ ‘ಮುಟ್ಟುವೇದನ’ ಎಂದಿದ್ದರೆ ಗಾಬರಿ ಬೇಡ. ಮಲಯಾಳದ ಮುಟ್ಟು ಎಂದರೆ ಮೊಣಕಾಲು.)

ಟಯರಿನ ಹೋಲಿಕೆ ತಪ್ಪುವುದು ಎಲ್ಲಿ? ಎರಡು ಮೂಳೆಗಳ ತುದಿಯಲ್ಲಿರುವ ನುಣುಪಾದ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಕೀಲಿನೊಳಗಿನ ಅಂಟುದ್ರವವೇ ಅದಕ್ಕೆ ಆಹಾರ. ಕಾಲೂರಿದಾಗ ಸ್ಪಂಜಿನ ಹಾಗೆ ಹಿಂಡಿಕೊಂಡು, ಎತ್ತಿದಾಗ ದ್ರವವನ್ನು ಹೀರಿಕೊಂಡು ಅದು ಬದುಕುತ್ತದೆ. ಅಂದರೆ ಮಿತವಾಗಿ ನಡೆಯುವುದೇ ಅದಕ್ಕೆ ಊಟ. ಇನ್ನು ಹೆಜ್ಜೆಯ ಪೆಟ್ಟನ್ನು ಮೊದಲು ತಾಳಿಕೊಳ್ಳಬೇಕಾದದ್ದು ತೊಡೆಯ ಮುಂಭಾಗದ ದೊಡ್ಡ ಸ್ನಾಯು. ಅದು ಸೋತರೆ ಪೆಟ್ಟು ನೇರ ಕೀಲಿಗೆ. ಹೋದ ಮೃದ್ವಸ್ಥಿಯನ್ನು ಮತ್ತೆ ಬೆಳೆಸುವ ಗುಳಿಗೆ, ಎಣ್ಣೆ, ಸೂಜಿ ಇವತ್ತಿಗೆ ಯಾವುದೂ ಇಲ್ಲ. ಸ್ನಾಯುವನ್ನು ಬೆಳೆಸಬಹುದು, ಎಪ್ಪತ್ತರ ವಯಸ್ಸಿನಲ್ಲೂ.

ಮೊದಲು, ಇದು ಸವೆತದ ನೋವೇ ಎಂದು ನೋಡಿ

ಸವೆತದ ನೋವಿಗೆ ಒಂದು ನಡೆ ಇದೆ. ಬೆಳಿಗ್ಗೆ ಎದ್ದಾಗ ಕಾಲು ಹಿಡಿದುಕೊಂಡಿರುತ್ತದೆ, ಆದರೆ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಿನಿಂದ ಏಳುವಾಗ, ಬಸ್ಸಿನಲ್ಲಿ ತುಂಬ ಹೊತ್ತು ಕೂತು ಏಳುವಾಗ ನೋವು ಹೆಚ್ಚು. ಕೂತರೆ ಕಡಿಮೆ.

ಬೆಳಗಿನ ಬಿಗಿತ ಒಂದು ಗಂಟೆ ದಾಟುತ್ತಿದ್ದು, ಕೈಬೆರಳ ಗೆಣ್ಣುಗಳೂ ಊದಿಕೊಂಡಿದ್ದರೆ ಅದು ಆಮವಾತದ ಜಾತಿಯದ್ದಿರಬಹುದು. ಅದರ ಮದ್ದೇ ಬೇರೆ, ತಡವಾದಷ್ಟೂ ಕೀಲು ಹಾಳು. ಜ್ವರ ಬಂದು ಹೋದ ಮೇಲೆ ನಾಲ್ಕೈದು ಕೀಲು ಒಟ್ಟಿಗೆ ಹಿಡಿದುಕೊಂಡಿದ್ದರೆ ಚಿಕೂನ್‌ಗುನ್ಯಾ ನೆನಪಿಗೆ ಬರಲಿ. ಒಂದೇ ಮೊಣಕಾಲು ದಿಢೀರನೆ ಕೆಂಪಾಗಿ, ಬಿಸಿಯಾಗಿ ಊದಿ, ಜತೆಗೆ ಜ್ವರ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕೀಲಿನೊಳಗಿನ ಕೀವು ಮರುದಿನದವರೆಗೆ ಕಾಯುವ ಕಾಯಿಲೆ ಅಲ್ಲ. ಮೀನಖಂಡ ಊದಿ ನೋಯುವುದು, ಬಿದ್ದ ಮೇಲೆ ಕಾಲೂರಲಾಗದಿರುವುದು, ಮಡಚಿದ ಕಾಲು ಬಿಡಿಸಲಾಗದಂತೆ ಸಿಕ್ಕಿಕೊಳ್ಳುವುದು, ಇವಕ್ಕೂ ಮುಂದೆ ಹೇಳುವ ವ್ಯಾಯಾಮ ಮದ್ದಲ್ಲ.

ಎಕ್ಸ್‌ರೇ ತೆಗೆಸುವಾಗ ‘ನಿಂತು ತೆಗೆಯಿರಿ, ಎರಡೂ ಕಾಲಿನದ್ದು’ ಎಂದು ನೀವೇ ಕೇಳಿ. ಮಲಗಿಸಿ ತೆಗೆದ ಚಿತ್ರದಲ್ಲಿ ಮೈಭಾರ ಇಲ್ಲದ ಕಾರಣ ಮೂಳೆಗಳ ನಡುವಿನ ಸಂದು ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ವರದಿಯಲ್ಲಿ ‘ಗ್ರೇಡ್’ ಎಂದು 1ರಿಂದ 4ರವರೆಗಿನ ಅಂಕೆ ಇರುತ್ತದೆ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬಿಬ್ಬರು ಮಾಡಿದ ವಿಂಗಡಣೆ ಅದು. ಆ ಅಂಕೆ ಚಿತ್ರದ್ದು, ನೋವಿನದ್ದಲ್ಲ. ಗ್ರೇಡ್ 3 ಇಟ್ಟುಕೊಂಡು ದಿನಾ ತೋಟ ಸುತ್ತುವವರೂ ಇದ್ದಾರೆ, ಗ್ರೇಡ್ 2ಕ್ಕೇ ಮಲಗಿದವರೂ ಇದ್ದಾರೆ. ಎಂಆರ್‌ಐ ಹೆಚ್ಚಿನವರಿಗೆ ಬೇಕಾಗುವುದಿಲ್ಲ. ಐವತ್ತು ದಾಟಿದವರ ಮೊಣಕಾಲಿನ ಎಂಆರ್‌ಐ ತೆಗೆದರೆ ನೋವಿಲ್ಲದವರಲ್ಲೂ ಮೆನಿಸ್ಕಸ್ (ಎರಡು ಮೂಳೆಗಳ ನಡುವಿನ ಮೆತ್ತೆ) ಹರಿದದ್ದು ಕಾಣಬಹುದು. ಒಮ್ಮೆ ಕಂಡರೆ ಅದನ್ನು ‘ಕ್ಲೀನ್’ ಮಾಡಿಸುವ ಮಾತೂ ಹಿಂದೆಯೇ ಬರುತ್ತದೆ.

ಅಳೆದಿಟ್ಟುಕೊಳ್ಳಿ

ವ್ಯಾಯಾಮ ಶುರು ಮಾಡುವ ದಿನ ಮೂರು ಅಂಕೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ತೂಕ. ಮಂಡಿಚಿಪ್ಪಿನ ಮೇಲಂಚಿನಿಂದ 10 ಸೆಂಟಿಮೀಟರ್ ಮೇಲೆ ಎರಡೂ ತೊಡೆಗಳ ಸುತ್ತಳತೆ (ನೋಯುವ ಕಾಲಿನದ್ದು ಒಂದೆರಡು ಸೆಂಟಿಮೀಟರ್ ಕಡಿಮೆ ಇರುವುದು ಸಾಮಾನ್ಯ). ಮೂರನೆಯದು, ಕೈಗಳನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಎಂಬ ಲೆಕ್ಕ. ಇವನ್ನು ನಾಲ್ಕು ವಾರಕ್ಕೊಮ್ಮೆ ನೋಡಿದರೆ ಸಾಕು. ನೋವು ದಿನಕ್ಕೊಂದು ಬಗೆ ಇರುತ್ತದೆ, ಅದನ್ನು ನಂಬಿಕೊಂಡರೆ ಮೂರನೇ ವಾರಕ್ಕೇ ಕೈಬಿಡುತ್ತೀರಿ.

ಒಂದನೇ, ಎರಡನೇ ವಾರ: ಚಾಪೆಯ ಮೇಲೆ

ನೆಲಕ್ಕೆ ಕೂತು ಏಳಲಾಗದವರು ಮಂಚದ ಮೇಲೆ ಮಾಡಲಿ. ದಿನಾ ಎರಡು ಹೊತ್ತು.

ಟವೆಲ್ ಒತ್ತುವುದು: ಕಾಲು ಚಾಚಿ ಕೂತು, ಸುರುಳಿ ಮಾಡಿದ ಟವೆಲನ್ನು ಮೊಣಕಾಲಿನ ಅಡಿಗಿಡಿ. ತೊಡೆ ಬಿಗಿ ಮಾಡಿ ಟವೆಲನ್ನು ಕೆಳಕ್ಕೆ ಒತ್ತಿ, 5 ಸೆಕೆಂಡು ಹಿಡಿದು ಬಿಡಿ. ಹತ್ತು ಸಲ. ತೊಡೆಯ ಮೇಲೆ ಕೈಯಿಟ್ಟು ನೋಡಿದರೆ ಗಟ್ಟಿಯಾದದ್ದು ಗೊತ್ತಾಗಬೇಕು. ಪೃಷ್ಠ ಮಾತ್ರ ಬಿಗಿಯಾಗಿ ತೊಡೆ ಮೆತ್ತಗಿದ್ದರೆ ಕೆಲಸ ಆಗುತ್ತಿಲ್ಲ.

ಕಾಲೆತ್ತುವುದು: ಅಂಗಾತ ಮಲಗಿ ಒಂದು ಕಾಲು ಮಡಚಿ ಪಾದ ಊರಿಕೊಳ್ಳಿ. ಇನ್ನೊಂದನ್ನು ನೇರ ಬಿಗಿದು ಒಂದು ಅಡಿಯಷ್ಟು ಎತ್ತಿ, 5 ಎಣಿಸಿ, ನಿಧಾನ ಇಳಿಸಿ. ಹತ್ತು ಸಲ, ಎರಡು ಸುತ್ತು. ಇಲ್ಲಿ ಆಗುವ ತಪ್ಪು ಮೂರು. ಒಂದು ಅಡಿಗಿಂತ ಮೇಲೆತ್ತಿದರೆ ಭಾರ ಸೊಂಟದ ಸ್ನಾಯುವಿಗೆ ಹೋಗುತ್ತದೆ, ತೊಡೆಗೆ ಸಿಗುವುದಿಲ್ಲ. ಎರಡೂ ಕಾಲು ಚಾಚಿಯೇ ಎತ್ತಿದರೆ ಮರುದಿನ ಸೊಂಟನೋವು. ಉಸಿರು ಬಿಗಿ ಹಿಡಿದರೆ ರಕ್ತದೊತ್ತಡ ಏರುತ್ತದೆ. ಎಣಿಕೆಯನ್ನು ಬಾಯಿಬಿಟ್ಟೇ ಹೇಳಿದರೆ ಉಸಿರು ಕಟ್ಟುವ ಪ್ರಶ್ನೆಯೇ ಬರುವುದಿಲ್ಲ.

ಹಿಮ್ಮಡಿಗೆ ದಿಂಬು: ಮೊಣಕಾಲು ಪೂರ್ತಿ ನೇರವಾಗದವರಿಗೆ ಇದೇ ಮುಖ್ಯ. ಹಿಮ್ಮಡಿಯ ಕೆಳಗೆ ಮಾತ್ರ ದಿಂಬಿಟ್ಟು ಮೊಣಕಾಲಿನ ಅಡಿ ಖಾಲಿ ಬಿಡಿ, 5ರಿಂದ 10 ನಿಮಿಷ. ನಮ್ಮಲ್ಲಿ ಹೆಚ್ಚಿನವರು ಇದಕ್ಕೆ ಉಲ್ಟಾ ಮಾಡುತ್ತಾರೆ, ಮೊಣಕಾಲಿನ ಅಡಿಗೆ ತಲೆದಿಂಬು ಕೊಟ್ಟು ರಾತ್ರಿಯಿಡೀ ಮಲಗುತ್ತಾರೆ. ಆಗ ಸುಖವೇ, ಆದರೆ ತಿಂಗಳುಗಟ್ಟಲೆ ಹಾಗೆ ಮಲಗಿದರೆ ಕಾಲು ಅರೆಬಗ್ಗಿದ ಹಾಗೆಯೇ ಕೂತುಬಿಡುತ್ತದೆ. ಬಗ್ಗಿದ ಕಾಲಿನಲ್ಲಿ ನಿಂತವನ ತೊಡೆಗೆ ನಿಂತಷ್ಟು ಹೊತ್ತೂ ದುಡಿತ, ಮಂಡಿಚಿಪ್ಪಿಗೆ ಒತ್ತಡ.

ಮೂರರಿಂದ ಆರನೇ ವಾರ: ಕುರ್ಚಿ

ಇಡೀ ಕಾರ್ಯಕ್ರಮದಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ. ನೆಲದಿಂದ ಸುಮಾರು 45 ಸೆಂಟಿಮೀಟರ್ ಎತ್ತರದ, ಕೈ ಇಲ್ಲದ ಗಟ್ಟಿ ಕುರ್ಚಿ. ನುಣುಪಾದ ಸಿಮೆಂಟು ನೆಲದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ, ಆದ್ದರಿಂದ ಗೋಡೆಗೆ ಒತ್ತಿಯೇ ಇಡಬೇಕು. ಅಂಚಿಗೆ ಸರಿದು ಕೂತು, ಪಾದಗಳನ್ನು ಭುಜದಷ್ಟು ಅಗಲಿಸಿ, ಹಿಮ್ಮಡಿಯನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ತನ್ನಿ. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಕೈ ಊರದೆ ಏಳಿ. ಕೂರುವಾಗ ಮೂರು ಎಣಿಸಿಕೊಂಡು ಇಳಿಯಿರಿ. ದೊಪ್ಪನೆ ಬಿದ್ದರೆ ಅರ್ಧ ಲಾಭ ಹೋಯಿತು. ನಿಧಾನ ಇಳಿಯುವಾಗಲೂ ಸ್ನಾಯು ದುಡಿಯುತ್ತದೆ.

ಎಂಟು ಸಲ, ಎರಡು ಸುತ್ತು, ದಿನ ಬಿಟ್ಟು ದಿನ. ಏಳಲಾಗದಿದ್ದರೆ ಮಡಚಿದ ಎರಡು ಕಂಬಳಿ ಹಾಸಿ ಎತ್ತರಿಸಿ, ವಾರಕ್ಕೊಂದನ್ನು ತೆಗೆಯಿರಿ. ಹತ್ತು ಸಲದ ಮೂರು ಸುತ್ತು ಸುಲಭವಾದ ಮೇಲೆ ತಗ್ಗು ಸ್ಟೂಲಿಗೆ ಹೋಗಬಹುದು. ಏಳುವಾಗ ಮೊಣಕಾಲುಗಳು ಒಳಕ್ಕೆ ವಾಲಿ ಒಂದಕ್ಕೊಂದು ತಾಗುವಂತಾದರೆ ಸೊಂಟದ ಪಕ್ಕದ ಸ್ನಾಯು ಸೋತಿದೆ ಎಂದರ್ಥ. ಅದಕ್ಕೆ ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ, ತುಸು ಹಿಂದಕ್ಕೆ ಇಟ್ಟುಕೊಂಡು ಒಂದು ಅಡಿ ಎತ್ತುವುದು, ಹತ್ತರ ಎರಡು ಸುತ್ತು. ಅಡಿಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದನ್ನೂ ಸೇರಿಸಿ, ಹದಿನೈದು ಸಲ; ಚಹಾ ಕುದಿಯುವ ಹೊತ್ತಿಗೆ ಮುಗಿಯುತ್ತದೆ.

ಎಷ್ಟು ನೋವು ಬಂದರೆ ನಿಲ್ಲಿಸಬೇಕು? ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಐದರವರೆಗೆ ಬಂದರೆ ಅಡ್ಡಿಯಿಲ್ಲ, ಮರುದಿನ ಅದೇ ಹೊತ್ತಿಗೆ ಅದು ಎಂದಿನ ಮಟ್ಟಕ್ಕೆ ಇಳಿದಿರಬೇಕು ಅಷ್ಟೆ. ಇಳಿಯದಿದ್ದರೆ, ಅಥವಾ ಮೊಣಕಾಲು ಊದಿದ್ದರೆ, ಸುತ್ತುಗಳಲ್ಲಿ ಒಂದನ್ನು ಕಡಿಮೆ ಮಾಡಿ. ಪೂರ್ತಿ ನಿಲ್ಲಿಸುವುದು ಬೇಡ.

ಏಳರಿಂದ ಹನ್ನೆರಡು: ಮೆಟ್ಟಿಲು, ಭಾರ, ನಡಿಗೆ

ಹತ್ತು ಸೆಂಟಿಮೀಟರಿನ ಮೆಟ್ಟಿಲಿನಿಂದ ಶುರು ಮಾಡಿ. ಮೆಟ್ಟಿಲಿಲ್ಲದಿದ್ದರೆ ಅಲುಗಾಡದ ಗಟ್ಟಿ ಮಣೆ ಸಾಕು. ಒಂದು ಪಾದ ಮೇಲಿಟ್ಟು, ಕೆಳಗಿನ ಕಾಲಿನಿಂದ ನೆಲ ನೂಕದೆ, ಮೇಲಿನ ಕಾಲಿನ ಬಲದಿಂದಲೇ ಏರಿ ಇಳಿಯಬೇಕು. ಎಂಟು ಸಲ, ಎರಡು ಕಾಲಿಗೂ. ಎರಡು ವಾರದ ಮೇಲೆ ಮನೆಯ ಮಾಮೂಲು ಮೆಟ್ಟಿಲು. ಕಾಲೆತ್ತುವ ವ್ಯಾಯಾಮಕ್ಕೆ ಈಗ ಭಾರ ಸೇರಿಸಿ: ಹಳೇ ಕಾಲುಚೀಲದಲ್ಲಿ ಅರ್ಧ ಕಿಲೋ ಮರಳು ತುಂಬಿ ಕಣಕಾಲಿಗೆ ಕಟ್ಟಿದರಾಯಿತು, ಆಮೇಲೆ ಒಂದು ಕಿಲೋ.

ನಡಿಗೆ ಸಮತಟ್ಟಿನಲ್ಲಿ, ಹತ್ತು ನಿಮಿಷದಿಂದ ಶುರುಮಾಡಿ ವಾರಕ್ಕೆ ಐದೈದು ನಿಮಿಷ ಏರಿಸಿ ಅರ್ಧ ಗಂಟೆಗೆ. ಪೆರ್ಲ, ಬದಿಯಡ್ಕ, ಪೈವಳಿಕೆ ಕಡೆಯವರಿಗೆ ಸಮತಟ್ಟು ಹುಡುಕುವುದೇ ಕೆಲಸ. ಶಾಲೆಯ ಮೈದಾನ, ದೇವಸ್ಥಾನದ ಹೊರಸುತ್ತು ನೋಡಿ. ಆಟಿಯ ಮಳೆಯಲ್ಲಿ ಜಗಲಿಯ ಉದ್ದಕ್ಕೆ ಹೋಗಿ ಬಂದರೂ ಅದು ನಡಿಗೆಯೇ. ನಿಜ ಹೇಳಬೇಕೆಂದರೆ ಈ ಹನ್ನೆರಡು ವಾರಕ್ಕೆ ಮಳೆಗಾಲವೇ ಒಳ್ಳೆಯ ಕಾಲ. ಕೊಯ್ಲು ಸುಲಿತದ ಭರಾಟೆ ಇರುವುದಿಲ್ಲ, ಕುರ್ಚಿ ಒಳಗೇ ಇರುತ್ತದೆ.

ಹನ್ನೆರಡೇ ಏಕೆ? ಮೊದಲ ಮೂರ್ನಾಲ್ಕು ವಾರದಲ್ಲಿ ಕಲಿಯುವುದು ನರ, ಸ್ನಾಯು ನಿಜಕ್ಕೂ ಬೆಳೆಯುವುದು ಆಮೇಲೆ. ಡೆನ್ಮಾರ್ಕಿನಲ್ಲಿ ಮೊಣಕಾಲು ಬದಲಿಸಲು ಅರ್ಹರೆಂದು ತೀರ್ಮಾನವಾಗಿದ್ದ 100 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆಪರೇಷನ್ ಮತ್ತು ಹನ್ನೆರಡು ವಾರದ ವ್ಯಾಯಾಮ, ತೂಕ ಇಳಿಕೆ ಇತ್ಯಾದಿ. ಇನ್ನೊಂದಕ್ಕೆ ಆಪರೇಷನ್ ಬಿಟ್ಟು ಉಳಿದದ್ದೆಲ್ಲ. ವರ್ಷದ ಕೊನೆಗೆ ನೋವು ಹೆಚ್ಚು ಇಳಿದದ್ದು ಆಪರೇಷನ್ ಆದವರಿಗೇ, ಅದನ್ನು ಮುಚ್ಚಿಡಬೇಕಾಗಿಲ್ಲ. ಗಂಭೀರ ತೊಂದರೆಗಳು ಹೆಚ್ಚಾದದ್ದೂ ಅವರಿಗೇ. ಎರಡನೆಯ ಗುಂಪಿನ ನಾಲ್ವರಲ್ಲಿ ಸುಮಾರು ಮೂವರು ಆ ವರ್ಷ ಆಪರೇಷನ್ ಇಲ್ಲದೆಯೇ ಸಾಗಿದರು.

ಮನೆ, ತೋಟ, ಅಂಗಳ

ನಡೆಯುವಾಗ ಮೊಣಕಾಲು ಮಡಚುವುದು 60–70 ಡಿಗ್ರಿ, ಕುರ್ಚಿಯಿಂದ ಏಳಲು ಸುಮಾರು 90–100. ಕುಕ್ಕರಗಾಲಿಗೆ 130 ದಾಟಬೇಕು, ಮಂಡಿಚಿಪ್ಪು ಆಗ ತೊಡೆಮೂಳೆಗೆ ಬಲವಾಗಿ ಒತ್ತಿಕೊಳ್ಳುತ್ತದೆ. ನಮ್ಮ ಕೆಲಸಗಳೆಲ್ಲ ಈ ಕೊನೆಯ ಜಾತಿಯವೇ: ಅಡಿಕೆ ಹೆಕ್ಕುವುದು, ಸುಲಿಯುವುದು, ರಬ್ಬರ್ ಮರದ ಬುಡದಲ್ಲಿ ಕೂತು ಗೀರುವುದು, ಮೆಟ್ಟುಕತ್ತಿಯ ಮುಂದೆ ತರಕಾರಿ, ಗೆರಸೆ ಮಡಿಲಲ್ಲಿಟ್ಟು ದಿನವಿಡೀ ಬೀಡಿ ಕಟ್ಟುವುದು. ಕೆಲಸ ಬಿಡಲಾಗುವುದಿಲ್ಲ, ಎತ್ತರ ಬದಲಿಸಬಹುದು.

ಹೆಕ್ಕುವಾಗ ಕೂತು ಕೂತೇ ಮುಂದೆ ಸರಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಒಂದಡಿ ಎತ್ತರದ ಹಗುರ ಸ್ಟೂಲು ಜತೆಗೊಯ್ಯಿರಿ, ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಕಾಲು ನೇರ ಮಾಡಿ. ಸುಲಿಯುವುದನ್ನು ನೆಲದಿಂದ ಬೆಂಚಿಗೆ ತನ್ನಿ. ಬೀಡಿ ಕಟ್ಟುವವರು ಗೋಡೆಗೆ ಒರಗಿ ತಗ್ಗು ಬೆಂಚಿನಲ್ಲಿ ಕೂತರೂ ಕೈಯ ವೇಗ ಒಂದು ವಾರದಲ್ಲಿ ಮರಳುತ್ತದೆ. ಮೆಟ್ಟುಕತ್ತಿಯ ಜಾಗಕ್ಕೆ ಕಟ್ಟೆಯ ಮೇಲೆ ಚಾಕು. ಮಂಡಿಯೂರಿ ಪೂಜೆ, ನಮಾಜು ಮಾಡುವವರು ಊತ ಇರುವ ದಿನಗಳಲ್ಲಾದರೂ ಕುರ್ಚಿ ಬಳಸಲಿ. ಪಾಯಿಖಾನೆಗೆ ಕಮೋಡ್, ಅದಾಗದಿದ್ದರೆ ಮೇಲಿಡುವ ಕಮೋಡ್ ಕುರ್ಚಿ, ಪಕ್ಕದ ಗೋಡೆಗೊಂದು ಹಿಡಿಕೆ.

ಮನೆ ಗುಡ್ಡೆಯ ಮೇಲೆ, ತೋಟ ಕೆಳಗೆ. ಇಳಿಜಾರಿನಲ್ಲಿ ಇಳಿಯುವಾಗಲೇ ಮೊಣಕಾಲಿಗೆ ಪೆಟ್ಟು ಜಾಸ್ತಿ, ಆದ್ದರಿಂದ ಕೆಂಪುಕಲ್ಲಿನ ಮೆಟ್ಟಿಲು ಕಟ್ಟಿಸುವಾಗ ಪ್ರತಿ ಮೆಟ್ಟಿಲ ಎತ್ತರ 15 ಸೆಂಟಿಮೀಟರ್ ಮೀರದಿರಲಿ. ಒಂದು ಕಲ್ಲಿನ ಪೂರ್ತಿ ಎತ್ತರವನ್ನೇ ಒಂದು ಮೆಟ್ಟಿಲು ಮಾಡುವ ಅಭ್ಯಾಸದಿಂದ ಎಷ್ಟೋ ಮನೆಗಳ ಮೆಟ್ಟಿಲು ಮುದುಕರಿಗೆ ಗೋಡೆಯಾಗಿದೆ. ಬದಿಗೊಂದು ಕಬ್ಬಿಣದ ಪೈಪು ಹಿಡಿಕೆಗೆ. ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಮಳೆಗಾಲಕ್ಕೆ ಮುಂಚೆ ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ತಿಕ್ಕಿ. ಸವೆದ ಹವಾಯಿ ಚಪ್ಪಲಿ ಎಸೆಯಿರಿ.

ಊರುಗೋಲು ನೋಯುವ ಕಾಲಿನ ಎದುರು ಕೈಯಲ್ಲಿರಬೇಕು. ಬಲ ಮೊಣಕಾಲು ನೋಯುತ್ತಿದ್ದರೆ ಎಡಗೈಯಲ್ಲಿ. ಕೈ ಇಳಿಬಿಟ್ಟು ನಿಂತಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಸರಿಹೊಂದಬೇಕು. ತುದಿಯ ರಬ್ಬರ್ ಬುಶ್ ಸವೆದ ಕೋಲು ಕೋಲಿಲ್ಲದ್ದಕ್ಕಿಂತ ಅಪಾಯ.

ತೂಕ

ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. 72 ಕಿಲೋ ಇರುವವರು ನೂರಕ್ಕೆ ಐದರಷ್ಟು, ಅಂದರೆ ಮೂರೂವರೆ ಕಿಲೋ ಚಿಲ್ಲರೆ ಇಳಿಸಿದರೆ ಹೆಜ್ಜೆಗೆ 14 ಕಿಲೋ ಕಡಿಮೆ. ನೂರಕ್ಕೆ ಹತ್ತರಷ್ಟು ಇಳಿದರೆ ಇನ್ನೂ ಸ್ಪಷ್ಟ ಲಾಭ.

ಉಪವಾಸ ಬೇಡ, ಕೊಬ್ಬಿನ ಜತೆ ಸ್ನಾಯುವೂ ಕರಗುತ್ತದೆ. ಎರಡು ಚಮಚ ಸಕ್ಕರೆಯ ನಾಲ್ಕು ಲೋಟ ಚಹಾ ಎಂದರೆ ದಿನಕ್ಕೆ ಸುಮಾರು 40 ಗ್ರಾಂ ಸಕ್ಕರೆ, ಅಲ್ಲಿಂದ ಶುರುಮಾಡಿ. ಮಳೆಗಾಲದ ಹಲಸಿನ ಹಪ್ಪಳ, ನೇಂದ್ರ ಚಿಪ್ಸು ಎರಡನೆಯದು. ಕುಚ್ಚಲಕ್ಕಿ ಅನ್ನ ಒಂದು ಸೌಟು ಕಡಿಮೆ, ಹೆಸರುಕಾಳಿನ ಗಸಿ ಒಂದು ಸೌಟು ಹೆಚ್ಚು. ಕಿಡ್ನಿ ಸರಿಯಿರುವವರಿಗೆ ದಿನಕ್ಕೆ ಮೈತೂಕದ ಕಿಲೋಗೆ ಒಂದು ಗ್ರಾಂ ಪ್ರೊಟೀನಾದರೂ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಬೂತಾಯಿಯಲ್ಲಿ 20 ಗ್ರಾಂ ಹತ್ತಿರ. ಮೀನು ಮುಟ್ಟದವರಿಗೆ ಕಾಳು, ಮೊಸರು, ಹಾಲು ಸೇರಿಸಿ ಅಷ್ಟು ತಲುಪಲು ಲೆಕ್ಕ ಹಾಕಿಯೇ ತಿನ್ನಬೇಕಾಗುತ್ತದೆ.

ಮದ್ದು, ಎಣ್ಣೆ, ಸೂಜಿ

ಮದ್ದುಗಳಲ್ಲಿ ಮೊದಲು ಪ್ರಯತ್ನಿಸಬೇಕಾದದ್ದು ಡೈಕ್ಲೊಫೆನಾಕ್ ಜೆಲ್. ಇದು ‘ಏನೂ ಆಗಲಿಲ್ಲ’ ಎನ್ನುವವರು ಸಾಮಾನ್ಯವಾಗಿ ಕಡಲೆಕಾಳಿನಷ್ಟು ಹಚ್ಚಿರುತ್ತಾರೆ. ಒಂದು ಮೊಣಕಾಲಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ, ದಿನಕ್ಕೆ ಮೂರ್ನಾಲ್ಕು ಸಲ, ಎರಡು ವಾರ. ನಾಲ್ಕು ಗ್ರಾಂ ಲೆಕ್ಕದಲ್ಲಿ 30 ಗ್ರಾಂ ಟ್ಯೂಬು ಮೂರು ದಿನವೂ ಬರುವುದಿಲ್ಲ.

ನೋವಿನ ಗುಳಿಗೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಿಂಗಳುಗಟ್ಟಲೆ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಬಹುದು, ಬಿ.ಪಿ. ಏರಬಹುದು, ಬಿ.ಪಿ. ಗುಳಿಗೆ, ಮೂತ್ರ ಹೋಗಿಸುವ ಗುಳಿಗೆ ತೆಗೆದುಕೊಳ್ಳುವವರ ಕಿಡ್ನಿಗೆ ಮೂರೂ ಸೇರಿದರೆ ದೊಡ್ಡ ಹೊಡೆತ.

ಮುರಿವೆಣ್ಣ, ಕೊಟ್ಟಂಚುಕ್ಕಾದಿಯಂಥ ಆಯುರ್ವೇದದ ಎಣ್ಣೆ ಹಚ್ಚಿ ಬಿಸಿನೀರಿನ ಚೀಲ ಇಟ್ಟರೆ ಹಿತ, ವ್ಯಾಯಾಮಕ್ಕೆ ಮೊದಲು ಮಾಡಿಕೊಳ್ಳಲು ಚೆನ್ನ. ಮೃದ್ವಸ್ಥಿಗೆ ಎಣ್ಣೆ ಇಳಿಯುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಶಾಖ ಕೊಡುವಾಗ ಸುಟ್ಟುಕೊಂಡಾರು, ಬೇರೆಯವರು ಕೈಯಿಟ್ಟು ಬಿಸಿ ನೋಡಲಿ. ಹೆದರಬೇಕಾದದ್ದು ಲೇಬಲ್ ಇಲ್ಲದ ಪೊಟ್ಟಣದ ಪುಡಿಗೆ. ಎರಡೇ ದಿನದಲ್ಲಿ ನೋವು ಮಾಯವಾಗಿ, ಹಸಿವು ಹೆಚ್ಚಿ, ತಿಂಗಳಲ್ಲಿ ಮುಖ ದುಂಡಗಾಗಿ ಸಕ್ಕರೆ ಏರಿದರೆ ಅದರಲ್ಲಿ ಸ್ಟಿರಾಯ್ಡ್ ಇದೆಯೆಂದು ಸಂಶಯಪಡಿ, ಆದರೆ ಒಮ್ಮೆಗೇ ನಿಲ್ಲಿಸದೆ ಡಾಕ್ಟರಿಗೆ ತೋರಿಸಿ.

ಮೃದ್ವಸ್ಥಿಗೆ ಒಳ್ಳೆಯದೆಂದು ಮಾರುವ ಗ್ಲೂಕೋಸಮೈನ್, ಕಾಂಡ್ರಾಯ್ಟಿನ್ ಗುಳಿಗೆಗಳು 2006ರ ದೊಡ್ಡ ಅಮೆರಿಕನ್ ಪರೀಕ್ಷೆಯಲ್ಲಿ ಒಟ್ಟಾರೆ ಹುಸಿಗುಳಿಗೆಗಿಂತ ಮೇಲಾಗಲಿಲ್ಲ. ಆ ದುಡ್ಡಿಗೆ ಮೀನೋ ಮೊಟ್ಟೆಯೋ ಬರುತ್ತದೆ. ಪಿಆರ್‌ಪಿ (ನಮ್ಮದೇ ರಕ್ತದಿಂದ ಬೇರ್ಪಡಿಸಿದ ಅಂಶವನ್ನು ಕೀಲಿಗೆ ಚುಚ್ಚುವ) ಸೂಜಿಯನ್ನು ಉಪ್ಪುನೀರಿನ ಸೂಜಿಗೆ ಹೋಲಿಸಿ 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಸ್ಟಿರಾಯ್ಡ್ ಸೂಜಿ ಊತ ಇಳಿಸಲು ಅಪರೂಪಕ್ಕೆ ಸರಿ. ಮೂರು ತಿಂಗಳಿಗೊಮ್ಮೆ ಎಂದು ಎರಡು ವರ್ಷ ಹಾಕಿಸಿಕೊಂಡವರಲ್ಲಿ ಮೃದ್ವಸ್ಥಿ ಇನ್ನೂ ಬೇಗ ತೆಳುವಾದದ್ದು 2017ರ ಅಧ್ಯಯನದಲ್ಲಿ ಕಂಡಿದೆ. ತೂತು ಹಾಕಿ ‘ತೊಳೆದು ಕ್ಲೀನ್ ಮಾಡುವ’ ಆರ್ತ್ರೋಸ್ಕೋಪಿ ಬರೀ ಸವೆತಕ್ಕೆ ಬೇಡ: 2002ರಲ್ಲೇ ಅದನ್ನು ಹುಸಿ ಆಪರೇಷನ್ನಿಗೆ ಹೋಲಿಸಿ ನೋಡಿದ್ದಾರೆ, ಫಲ ಒಂದೇ.

ಹನ್ನೆರಡು ವಾರದ ಮೇಲೆ

ಕುರ್ಚಿ ಲೆಕ್ಕ ಏರಿದ್ದರೆ, ತೊಡೆಯ ಸುತ್ತಳತೆ ಹೆಚ್ಚಿದ್ದರೆ, ನೋವು ತಡೆದುಕೊಳ್ಳುವ ಮಟ್ಟದಲ್ಲಿದ್ದರೆ ವಾರಕ್ಕೆ ಎರಡು ದಿನದ ಅಭ್ಯಾಸ ಉಳಿಸಿಕೊಳ್ಳಿ. ಪೂರ್ತಿ ಬಿಟ್ಟರೆ ಗಳಿಸಿದ ಬಲ ಕೆಲವೇ ತಿಂಗಳಲ್ಲಿ ಕರಗುತ್ತದೆ. ಸರಿಯಾಗಿ ಮಾಡುತ್ತಿದ್ದೇವೆಯೇ ಎಂಬ ಸಂಶಯ ಇದ್ದವರು ಕಾಸರಗೋಡಿನ ಜನರಲ್ ಆಸ್ಪತ್ರೆಯಲ್ಲೋ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲೋ ಫಿಸಿಯೋಥೆರಪಿಗೆ ಬರೆಸಿಕೊಳ್ಳಲು ಕೇಳಿ. ಎರಡು ಸಲ ಕಣ್ಣೆದುರು ತಿದ್ದಿಸಿಕೊಂಡರೆ ಹೆಚ್ಚಿನವರಿಗೆ ಸಾಕು.

ಇಷ್ಟೆಲ್ಲ ನಿಜವಾಗಿ ಮಾಡಿದ ಮೇಲೂ ರಾತ್ರಿ ನಿದ್ದೆ ಕೆಡಿಸುವ ನೋವು, ಅಂಗಳ ದಾಟಲಾಗದ ಸ್ಥಿತಿ, ದಿನದಿಂದ ದಿನಕ್ಕೆ ಬಿಲ್ಲಿನ ಹಾಗೆ ಬಾಗುತ್ತಿರುವ ಕಾಲು ಇದ್ದರೆ ಕೀಲು ಬದಲಿಸುವುದೇ ಸರಿ, ಹಟ ಹಿಡಿದು ವರ್ಷಗಟ್ಟಲೆ ಮುಂದೂಡಿದರೆ ಕಾಲು ಇನ್ನಷ್ಟು ಬಿಗಿದು ಫಲ ಕಡಿಮೆಯಾಗುತ್ತದೆ. ಈಗಿನ ಕೃತಕ ಕೀಲುಗಳಲ್ಲಿ ಐದರಲ್ಲಿ ನಾಲ್ಕು 25 ವರ್ಷ ಬಾಳುತ್ತವೆ. ಐವತ್ತರಲ್ಲಿ ಹಾಕಿಸಿಕೊಂಡವರಿಗೆ ಎರಡನೇ ಸಲದ ಭಯ ಇರುವುದು ಇದೇ ಲೆಕ್ಕದಿಂದ. ಇಂಪ್ಲಾಂಟಿನ ಬೆಲೆಗೆ ಕೇಂದ್ರ ಸರಕಾರ 2017ರ ಆಗಸ್ಟಿನಲ್ಲಿ ಮಿತಿ ಹಾಕಿದೆ. ಬಿಲ್ಲಿನಲ್ಲಿ ಅದರ ಕಂಪೆನಿ, ಮಾದರಿ, ಬೆಲೆಯನ್ನು ಬೇರೆಯಾಗಿ ಬರೆಸಿಕೊಳ್ಳಿ.

ದಿನ ನಿಗದಿಯಾದ ಮೇಲೂ ಕುರ್ಚಿ, ಟವೆಲ್ ಬಿಡಬೇಡಿ. ಆಪರೇಷನ್ ಆದ ಮೇಲೆ ಫಿಸಿಯೋಥೆರಪಿಯವರು ಹಾಸಿಗೆಯ ಪಕ್ಕ ಬಂದು ಮೊದಲು ಮಾಡಿಸುವುದು ಇದೇ ಟವೆಲ್ ಒತ್ತುವುದನ್ನೇ.